ಕಾಫಿ ಕಣದಲ್ಲಿ ಅಂಬಾಸಿಡರ್: ಹಿಂದಿನ ಬ್ಲೇಡ್ ಬಿಚ್ಚಿ ಕೂರಿಸುವ ಕ್ರಮ

ಅಂಬಾಸಿಡರ್ ತಯಾರಿಕೆ 2014ರಲ್ಲಿಯೇ ನಿಂತಿತಾದರೂ ಚಿಕ್ಕಮಗಳೂರು ಸೀಮೆಯ ತೋಟದ ಶೆಡ್ಡುಗಳಲ್ಲಿ ಆ ಕಾರು ಇನ್ನೂ ಅಲ್ಲಲ್ಲಿ ಉಳಿದಿದೆ. ಅದರ ಹಿಂಬದಿಯ ಸಸ್ಪೆನ್ಷನ್ ಒಂದರ ಮೇಲೊಂದು ಕೂತ ಉಕ್ಕಿನ ಬ್ಲೇಡುಗಳದ್ದಾದುದರಿಂದ ಮನೆಯಲ್ಲಿಯೇ ಬಿಚ್ಚಿ ಕೂರಿಸಬಹುದು. ಮುಂದಿನ ಟಾರ್ಷನ್ ಬಾರ್, ಅಂದರೆ ಸ್ಪ್ರಿಂಗಿನಂತೆ ತಿರುಚಿಕೊಳ್ಳುವ ಸರಳು, ತಿರುಚಿದ ಬಲವನ್ನು ಒಳಗೆ ಹಿಡಿದಿಟ್ಟಿರುತ್ತದೆ. ಅದನ್ನು ಮೆಕ್ಯಾನಿಕ್ಕಿಗೆ ಬಿಡುವುದು ಲೇಸು.

ಮಳೆ ಹಿಂದೆ ಸರಿದು ಅರೇಬಿಕಾ ಕೊಯ್ಲು ಇನ್ನೂ ಆರಂಭವಾಗದ ದಿನಗಳಲ್ಲಿ ಕಾಫಿ ಒಣಗಿಸುವ ಸಿಮೆಂಟಿನ ಕಣ ಖಾಲಿಯಿರುತ್ತದೆ. ಕಾಫಿಗೆ ಬೇಗ ವಾಸನೆ ಹಿಡಿಯುವುದರಿಂದ ಟಾರ್ಪಾಲು ಹಾಸದೆ ಅಲ್ಲಿ ಕೆಲಸ ಮಾಡಬಾರದು. ನೀರು ಹರಿಯಲೆಂದು ಕಣಕ್ಕೆ ತುಸು ಇಳಿಜಾರು ಕೊಟ್ಟಿರುತ್ತಾರೆ. ಈ ಕಾರಿನಲ್ಲಿ ಹ್ಯಾಂಡ್ ಬ್ರೇಕ್ ಹಾಗೂ ಗೇರ್ ಎರಡೂ ಹಿಡಿಯುವುದು ಹಿಂದಿನ ಚಕ್ರಗಳನ್ನೇ ಆದುದರಿಂದ, ಹಿಂಭಾಗ ಎತ್ತಿದ ಕ್ಷಣದಿಂದ ಮುಂದಿನ ಚಕ್ರಗಳ ಹಿಂದೂ ಮುಂದೂ ಒತ್ತಿದ ಮರದ ತುಂಡುಗಳಷ್ಟೇ ಕಾರನ್ನು ತಡೆಯುತ್ತವೆ. ಬಾಡಿಯ ಕೆಳಗೆ ಜಾಕ್ ಸ್ಟ್ಯಾಂಡ್ ಇರಲೇಬೇಕು. ಇಟ್ಟಿಗೆ, ಕಲ್ಲು ಕೂಡದು.

ಎತ್ತುವ ಮುನ್ನ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಎರಡೂ ಬದಿಯಲ್ಲಿ ಅಳೆದು ಬರೆದಿಡಿ. ಒಂದು ಬದಿ ಮುಗಿದ ಮೇಲೆಯೇ ಇನ್ನೊಂದು ಬದಿಗೆ ಕೈಹಾಕಿ. ಆಕ್ಸಲ್ ಜೋತುಬಿದ್ದು ಬ್ರೇಕ್ ಹೋಸ್ ಎಳೆದುಕೊಳ್ಳದಂತೆ ಅದರಡಿಗೆ ಇನ್ನೊಂದು ಜಾಕ್ ಕೊಟ್ಟು, ಚಕ್ರ ತೆಗೆದು, ಶಾಕ್ ಅಬ್ಸಾರ್ಬರಿನ ಕೆಳತುದಿ, ಬ್ಲೇಡುಗಳನ್ನು ಆಕ್ಸಲಿಗೆ ಬಿಗಿದ ಯು-ಬೋಲ್ಟು, ಬ್ಲೇಡಿನ ಹಿಂತುದಿಯನ್ನು ತೂಗಿಹಿಡಿದ ಶಾಕಲ್, ಮುಂತುದಿಯ ಬೋಲ್ಟು, ಈ ಕ್ರಮದಲ್ಲಿ ಬಿಚ್ಚಿ. ಮಲೆನಾಡಿನ ತುಕ್ಕಿಗೆ ಮುಂದಿನ ಬೋಲ್ಟು ಬ್ಲೇಡಿನ ತುದಿಯಲ್ಲಿರುವ ರಬ್ಬರ್ ಬುಷ್ಷಿನೊಳಗೆ ಹಿಡಿದುಕೊಂಡಿರುವುದು ಮಾಮೂಲು. ಸುತ್ತಿಗೆಯಿಂದ ಜಗ್ಗದಿದ್ದರೆ ಗರಗಸದಿಂದ ಕತ್ತರಿಸಿ ಹೊಸದು ಹಾಕುವುದೇ ಸರಿ.

ಹೊರಬಂದ ಬ್ಲೇಡ್ ಸೆಟ್ಟಿನಲ್ಲಿಯೂ ಬಿಗಿತ ಉಳಿದಿರುತ್ತದೆ. ನಡುವಿನ ಎರಡೂ ಕಡೆ ಸಿ-ಕ್ಲ್ಯಾಂಪ್ ಬಿಗಿದ ನಂತರವೇ ಬ್ಲೇಡುಗಳನ್ನು ಒಟ್ಟಿಗೆ ಹಿಡಿದ ಸೆಂಟರ್ ಬೋಲ್ಟ್ ತೆಗೆದು, ಕ್ಲ್ಯಾಂಪುಗಳನ್ನು ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಪ್ರತಿ ಬ್ಲೇಡನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ, ಸೀಮೆಎಣ್ಣೆ ಹಚ್ಚಿ ಒರೆಸಿ, ಮೇಲೆ ಸೀಮೆಸುಣ್ಣ ಬಳಿದು ಅರ್ಧ ಗಂಟೆ ಬಿಡಿ. ಬಿರುಕಿದ್ದರೆ ಅದರಲ್ಲಿ ಅಡಗಿದ ಎಣ್ಣೆ ಹೊರಬಂದು ಬಿಳಿಯ ಮೇಲೆ ಕೂದಲೆಳೆಯಂತಹ ಕಪ್ಪುಗೆರೆ ಮೂಡುತ್ತದೆ. ಬೋಲ್ಟಿನ ತೂತಿನ ಸುತ್ತ ವಿಶೇಷವಾಗಿ ನೋಡಬೇಕು. ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಮದ್ದಲ್ಲ. ಬಾಗು ಇಳಿದಿದ್ದರೆ ಬ್ಲೇಡ್ ಸೆಟ್ಟಿಂಗ್ ಮಾಡುವವರಿಗೆ ಕೊಡಿ, ಏಕೆಂದರೆ ಮನೆಯಲ್ಲಿ ಕಾಯಿಸಿದರೆ ಉಕ್ಕಿನ ಹದ ಕೆಡುತ್ತದೆ. ಬ್ಲೇಡುಗಳ ನಡುವೆ ಗ್ರಾಫೈಟ್ ಗ್ರೀಸ್ ಸವರಿ, ಹೊಸ ಸೆಂಟರ್ ಬೋಲ್ಟಿನಿಂದ ಸೆಟ್ ಜೋಡಿಸಿ.

ರಬ್ಬರ್ ಬುಷ್ ಕೂರಿಸುವಾಗ ಸಾಬೂನು ನೀರು ಸಾಕು, ಗ್ರೀಸ್ ರಬ್ಬರನ್ನು ತಿನ್ನುತ್ತದೆ. ಸೆಂಟರ್ ಬೋಲ್ಟಿನ ತಲೆ ಆಕ್ಸಲಿನ ತೂತಿನಲ್ಲಿ ಕೂತದ್ದನ್ನು ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಂಡು, ಹೊಸ ಯು-ಬೋಲ್ಟುಗಳನ್ನು ಓರೆಯೋರೆಯಾಗಿ ಬಿಗಿಯಿರಿ. ಬುಷ್ಷಿನ ಬೋಲ್ಟುಗಳನ್ನು ಮಾತ್ರ ಈಗ ಕೈಬಿಗಿಯಲ್ಲಿಯೇ ಬಿಡಬೇಕು. ಕಾರು ಎತ್ತಿದ್ದಾಗಲೇ ಪೂರ್ತಿ ಬಿಗಿದರೆ, ನೆಲಕ್ಕಿಳಿಸಿದೊಡನೆ ರಬ್ಬರ್ ತಿರುಚಿಕೊಂಡು ಸದಾ ಹಾಗೆಯೇ ನಿಂತು, ಬೇಗ ಹರಿದುಹೋಗುತ್ತದೆ. ಹೊಸ ಬುಷ್ ಬಾಳಲಿಲ್ಲವೆಂದು ಅಂಗಡಿಯವನನ್ನು ಬೈಯುವ ಅನೇಕರು ತಪ್ಪಿರುವುದು ಇಲ್ಲಿಯೇ. ಚಕ್ರ ಹಾಕಿ, ಕಾರು ಇಳಿಸಿ, ಡಿಕ್ಕಿಯನ್ನು ನಾಲ್ಕು ಬಾರಿ ಅದುಮಿ, ಪೂರ್ಣ ಭಾರ ಚಕ್ರದ ಮೇಲಿರುವಾಗ ಅವುಗಳನ್ನು ಬಿಗಿದು ಎತ್ತರವನ್ನು ಮತ್ತೆ ಅಳೆಯಿರಿ. ಮೂಡಿಗೆರೆಗೆ ಎರಡು ಮೂರು ಸಲ ಹೋಗಿ ಬಂದ ಮೇಲೆ ಯು-ಬೋಲ್ಟಿನ ನಟ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಅರ್ಧ ಸುತ್ತಾದರೂ ಹಿಡಿಯುವುದುಂಟು.