ಗೋಡೆಗೇರಿಸುವ ಮೊದಲೇ ಐಪಿ ಕ್ಯಾಮೆರಾ ಲ್ಯಾಪ್‌ಟಾಪ್‌ಗೆ ಜೋಡಿಸಿ

ಹೊಸ ಐಪಿ ಕ್ಯಾಮೆರಾವನ್ನು (ನೆಟ್‌ವರ್ಕ್ ಮೂಲಕ ದೃಶ್ಯ ಕಳಿಸುವ ಕಾವಲು ಕ್ಯಾಮೆರಾ) ಏಣಿ ಹತ್ತಿ ಬಿಗಿದಾದ ಮೇಲೆ ಸೆಟ್ಟಿಂಗ್ ಮಾಡಲು ಹೊರಟರೆ ಕೆಲಸ ಇಮ್ಮಡಿ. ಮೇಜಿನ ಮೇಲಿರುವಾಗಲೇ ನೆಟ್‌ವರ್ಕ್ ಕೇಬಲ್‌ನಿಂದ ನೇರವಾಗಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಎಲ್ಲ ಮುಗಿಸಿಕೊಳ್ಳಿ. ಹಿಂದೆ ಇದಕ್ಕೆ ಒಳತಂತಿಗಳನ್ನು ಅದಲುಬದಲು ಮಾಡಿದ ಕ್ರಾಸ್ ಕೇಬಲ್ ಬೇಕಿತ್ತು. ಈಗ ಸಾದಾ ಕೇಬಲ್ ಸಾಕು. ಆದರೆ ಲ್ಯಾಪ್‌ಟಾಪ್ ಪೋರ್ಟ್‌ನಿಂದ ಕ್ಯಾಮೆರಾಗೆ ಕರೆಂಟ್ ಬರುವುದಿಲ್ಲ. ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಹರಿಸುವ ಪಿಒಇ ಇಂಜೆಕ್ಟರ್ ಇಲ್ಲವೇ ಕ್ಯಾಮೆರಾಗೆ ಹೊಂದುವ 12 ವೋಲ್ಟ್ ಅಡಾಪ್ಟರ್ ಬೇಕು.

ಸಿಕ್ಕಿಸಿದೊಡನೆ ಏನೂ ಕಾಣಿಸದು. ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ, ಹಂಚುವ ರೂಟರ್ ನಡುವೆ ಇಲ್ಲವಲ್ಲ! ಸ್ವಲ್ಪ ಹೊತ್ತು ಕಾದು ವಿಂಡೋಸ್ ತಾನೇ 169.254ರಿಂದ ಶುರುವಾಗುವ ಒಂದು ವಿಳಾಸ ಹಾಕಿಕೊಳ್ಳುತ್ತದೆ. ಕ್ಯಾಮೆರಾ ಕೂತಿರುವುದು ಬೇರೆ ಕಡೆ: ಹಿಕ್‌ವಿಷನ್ ಕಂಪನಿಯದಾದರೆ ಸಾಮಾನ್ಯವಾಗಿ 192.168.1.64, ದಹುವಾ ಆದರೆ 192.168.1.108. ಡಬ್ಬಿಯ ಚೀಟಿಯನ್ನೊಮ್ಮೆ ನೋಡಿಕೊಳ್ಳಿ.

ಈಗ ವಿಂಡೋಸ್ ಕೀ ಜೊತೆ ಆರ್ ಒತ್ತಿ, ‘ಎನ್‌ಸಿಪಿಎ.ಸಿಪಿಎಲ್’ (ncpa.cpl) ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ವಿಂಡೋಸ್ 11ರ ಹೊಸ ಸೆಟ್ಟಿಂಗ್ಸ್‌ನಲ್ಲೂ ಇದೇ ಕೆಲಸ ಆಗುತ್ತದೆ, ಆದರೂ ನನಗೆ ಈ ಹಳೆಯ ಕಿಟಕಿಯೇ ಸಲೀಸು. ಈಥರ್ನೆಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಇಂಟರ್‌ನೆಟ್ ಪ್ರೋಟೊಕಾಲ್ ವರ್ಶನ್ 4, ಮತ್ತೆ ಪ್ರಾಪರ್ಟೀಸ್. ‘ಯೂಸ್ ದ ಫಾಲೋಯಿಂಗ್ ಐಪಿ ಅಡ್ರೆಸ್’ ಆರಿಸಿ 192.168.1.10 ಎಂದು ತುಂಬಿ. ಚುಕ್ಕಿಗಳಿಂದ ಬೇರ್ಪಟ್ಟ ಮೊದಲ ಮೂರು ಸಂಖ್ಯೆ (192.168.1) ಕ್ಯಾಮೆರಾದ್ದೇ ಇರಬೇಕು, ಕೊನೆಯದು ಬೇರೆಯಾಗಿರಬೇಕು. ಸಬ್‌ನೆಟ್ ಮಾಸ್ಕ್ 255.255.255.0. ಗೇಟ್‌ವೇ, ಡಿಎನ್‌ಎಸ್ ಖಾಲಿ ಬಿಡಿ. ಎರಡೇ ಯಂತ್ರಗಳ ಮಾತುಕತೆಗೆ ಅವುಗಳ ಅಗತ್ಯವಿಲ್ಲ.

ಓಕೆ ಒತ್ತಿ ಹೊರಬಂದವರೇ ವೈಫೈ ಆಫ್ ಮಾಡಿ. ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದು ಇಲ್ಲಿಯೇ. ಬಹಳಷ್ಟು ಮನೆಗಳ ರೂಟರ್ ಕೂಡ 192.168.1 ಸಾಲಿನಲ್ಲೇ ಇರುತ್ತದೆ. ಆಗ ಲ್ಯಾಪ್‌ಟಾಪ್ ಕ್ಯಾಮೆರಾವನ್ನು ಕೇಬಲ್ ಬಿಟ್ಟು ವೈಫೈಯಲ್ಲಿ ಹುಡುಕುತ್ತಾ ಕೂರಬಹುದು. ಅಂಕಿಗಳೆಲ್ಲ ಸರಿ, ಕೇಬಲ್ ದೀಪ ಮಿನುಗುತ್ತಿದೆ, ಆದರೂ ಪುಟ ತೆರೆಯದು.

ಪರೀಕ್ಷೆಗೆ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಎಂದು ಇಂಗ್ಲಿಷಿನಲ್ಲಿ ಬರೆದು ಕ್ಯಾಮೆರಾ ವಿಳಾಸ ಕೊಡಿ. ‘ರಿಪ್ಲೈ ಫ್ರಮ್’ ಕಂಡ ಕೂಡಲೇ ಖುಷಿಪಡಬೇಡಿ, ಸಾಲನ್ನು ಪೂರ್ತಿ ಓದಿ. ಅದರಲ್ಲಿ ನಿಮ್ಮದೇ 192.168.1.10 ಇದ್ದು ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂದಿದ್ದರೆ, ಉತ್ತರಿಸಿದ್ದು ನಿಮ್ಮ ಲ್ಯಾಪ್‌ಟಾಪೇ; ಕ್ಯಾಮೆರಾ ಸಿಕ್ಕಿಲ್ಲ ಎಂದರ್ಥ. ಕರೆಂಟ್, ಕೇಬಲ್, ವಿಳಾಸ ಮೂರನ್ನೂ ನೋಡಿ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಆದರೆ ವಿಳಾಸ ಯಾರೋ ಬದಲಿಸಿರಬಹುದು, ರೀಸೆಟ್ ಬಟನ್ ಒತ್ತಿಹಿಡಿಯುವುದೇ ಲೇಸು.

ಸಿಕ್ಕರೆ ಬ್ರೌಸರ್‌ನಲ್ಲಿ ಅದೇ ವಿಳಾಸ ಹಾಕಿ ಒಳಹೋಗಿ, ಗಟ್ಟಿ ಪಾಸ್‌ವರ್ಡ್ ಇಡಿ. ನಂತರ ನಿಮ್ಮ ರೂಟರ್ ಸಾಲಿಗೆ ಸೇರುವ, ಬೇರೆ ಯಾವ ಸಾಧನಕ್ಕೂ ಇಲ್ಲದ ವಿಳಾಸ ಕೊಡಿ. ಇಲ್ಲಿ ಗೇಟ್‌ವೇ ಖಾಲಿ ಬೇಡ, ರೂಟರ್ ವಿಳಾಸ ಬರೆಯಿರಿ. ಸೇವ್ ಒತ್ತಿದೊಡನೆ ಪುಟ ಸತ್ತಂತಾದರೆ ಗಾಬರಿ ಬೇಡ, ಕ್ಯಾಮೆರಾ ಹೊಸ ವಿಳಾಸಕ್ಕೆ ಹೋಗಿದೆ ಅಷ್ಟೇ. ಒಂದೇ ಕಂಪನಿಯ ನಾಲ್ಕು ಕ್ಯಾಮೆರಾ ತಂದಿದ್ದರೆ ಒಂದೊಂದಾಗಿಯೇ ಜೋಡಿಸಿ. ಎಲ್ಲಕ್ಕೂ ಕಾರ್ಖಾನೆಯ ವಿಳಾಸ ಒಂದೇ.

ಕೊನೆಗೆ ಅದೇ ಕಿಟಕಿಗೆ ಮರಳಿ ‘ಒಬ್ಟೇನ್ ಆನ್ ಐಪಿ ಅಡ್ರೆಸ್ ಆಟೊಮ್ಯಾಟಿಕಲಿ’ ಆರಿಸಿ, ವೈಫೈ ಆನ್ ಮಾಡಿ. ವೈಫೈ ಸೆಟ್ಟಿಂಗ್ ಬೇರೆಯಾದ್ದರಿಂದ ಇದನ್ನು ಮರೆತರೂ ಇಂಟರ್‌ನೆಟ್ ಬರುತ್ತಲೇ ಇರುತ್ತದೆ. ಮುಂದೆಂದೋ ಆಫೀಸಿನಲ್ಲಿ ಕೇಬಲ್ ಸಿಕ್ಕಿಸಿದಾಗಲೇ ಇಂಟರ್‌ನೆಟ್ ಇಲ್ಲ ಎಂದು ಗೊತ್ತಾಗುವುದು.