ಹಳೇ ಬೆಂಜ್‌ನ ಬಿರುಕು ಬಿಟ್ಟ ಮರವನ್ನು ನಾನೇ ಸರಿ ಮಾಡಿದ್ದು

ನನ್ನ ಕಾರು 1996ರ ಮರ್ಸಿಡಿಸ್ ಬೆಂಜ್ ಇ220, ಕಂಪನಿ ಡಬ್ಲ್ಯು124 ಅಂತ ಕರೆಯುವ ಬಾಡಿ. ಜರ್ಮನಿಯಲ್ಲಿ ಇದರ ಜಾಗಕ್ಕೆ ಮುಂದಿನ ಮಾಡೆಲ್ ಬಂದ 1995ರಲ್ಲೇ ಪುಣೆಯಲ್ಲಿ, ಟೆಲ್ಕೋ (ಈಗಿನ ಟಾಟಾ ಮೋಟಾರ್ಸ್) ಕಾರ್ಖಾನೆಯ ಜಾಗದಲ್ಲಿ, ಇದರ ಜೋಡಣೆ ಶುರುವಾಯಿತು. ಅದಕ್ಕೇ ಬೆಂಗಳೂರಲ್ಲಿ ಇವತ್ತಿಗೂ ಅಲ್ಲೊಂದು ಇಲ್ಲೊಂದು ಕಣ್ಣಿಗೆ ಬೀಳುತ್ತವೆ. ಎಂಜಿನ್ ಗಟ್ಟಿ, ಬಾಗಿಲು ಗಟ್ಟಿ. ಒಳಗಿನ ಮರ ಮಾತ್ರ ಬಿಸಿಲಿಗೆ ಸೋಲುತ್ತದೆ. ಗೇರ್ ಸುತ್ತಲಿನ ಫಲಕ, ಆಶ್‌ಟ್ರೇ ಮುಚ್ಚಳ, ಬಾಗಿಲ ಪಟ್ಟಿಗಳು, ಎಲ್ಲದರಲ್ಲೂ ಉದ್ದುದ್ದ ಬಿಳಿ ಗೆರೆ.

ನನ್ನ ಕಾರಲ್ಲಿರುವುದು ಝೆಬ್ರಾನೋ. ಪಶ್ಚಿಮ ಆಫ್ರಿಕಾದ ಮರ, ಕಂದು ಪಟ್ಟೆಗಳಿರುತ್ತವೆ. ಆದರೆ ಇಡೀ ಫಲಕ ಆ ಮರದ್ದಲ್ಲ. ಮೇಲೆ ಅರ್ಧ ಮಿಲಿಮೀಟರ್ ಆಸುಪಾಸಿನ ವೆನೀರ್, ಅಂದರೆ ಆ ಮರದ ತೆಳು ಹಾಳೆ, ಅದರ ಕೆಳಗೆ ಪ್ಲೈ ಪದರ, ವೆನೀರ್ ಮೇಲೆ ದಪ್ಪನೆಯ ವಾರ್ನಿಶ್. ತೇವಕ್ಕೆ ಮರ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ವಯಸ್ಸಾದ ವಾರ್ನಿಶ್ಶಿಗೆ ಆ ಬಳುಕು ಇಲ್ಲ. ಸೀಳುತ್ತದೆ, ಸೀಳಿನೊಳಗೆ ಗಾಳಿ ಸೇರಿ ಬೆಳ್ಳಗೆ ಕಾಣುತ್ತದೆ.

ಹಾಗಾಗಿ ಮೊದಲು ನೋಡಬೇಕಾದದ್ದು ಸೀಳಿರುವುದು ವಾರ್ನಿಶ್ಶೋ ವೆನೀರೋ ಅಂತ. ಬಿರುಕಿನ ಮೇಲೆ ಒಂದು ತೊಟ್ಟು ನೀರು ಬಿಟ್ಟು ಒರೆಸಿ. ಬಿಳಿ ಗೆರೆ ಸ್ವಲ್ಪ ಹೊತ್ತು ಮಾಯವಾಗಿ ಒಣಗಿದ ಮೇಲೆ ವಾಪಸ್ ಬಂದರೆ ಬಹುಪಾಲು ವಾರ್ನಿಶ್ ಮಾತ್ರ ಹೋಗಿದೆ. ಗೆರೆ ಕಪ್ಪಾಗಿ ಹಾಗೇ ಉಳಿದರೆ ನೀರನ್ನು ಮರ ಕುಡಿದಿದೆ, ಅಂದರೆ ವೆನೀರೂ ಬಾಯಿ ಬಿಟ್ಟಿದೆ. ನನ್ನಲ್ಲಿ ಹೆಚ್ಚಿನವು ಮೊದಲ ಜಾತಿಯವು. ಸ್ವಿಚ್ ತೂತುಗಳ ಅಂಚಿನಲ್ಲಿ ಮಾತ್ರ ಎರಡನೆಯದು.

ಆ ಅಂಚುಗಳೇ ನನಗೆ ಕಾರಣ ತೋರಿಸಿದ್ದು. ಫಲಕ ಬಿಚ್ಚಿ ತಿರುಗಿಸಿ ನೋಡಿದರೆ ಮುಂದೆ ಗಾಜಿನಂಥ ಹೊಳಪು, ಬೆನ್ನಿಗೆ ಮತ್ತು ತೂತುಗಳ ಒಳಮೈಗೆ ಹೆಚ್ಚೂ ಕಮ್ಮಿ ಏನೂ ಇಲ್ಲ. ತೇವ ಹೋಗಿ ಬರುವುದು ಅಲ್ಲಿಂದ. ಬಿರುಕುಗಳೂ ಅಲ್ಲಿಂದಲೇ ಹೊರಟು ಪಟ್ಟೆಯ ಗುಂಟ ಒಳಗೆ ಓಡಿವೆ. ಮುಂಭಾಗ ಮಾತ್ರ ಹೊಳೆಯಿಸಿ ಕೂರಿಸಿದರೆ ಕಾಯಿಲೆ ಹಾಗೇ ಉಳಿಯಿತು ಅಂತಲೇ ಅರ್ಥ.

ಬಿಚ್ಚುವುದರ ಬಗ್ಗೆ ಜಾಸ್ತಿ ಹೇಳಲ್ಲ. ಬ್ಯಾಟರಿ ನೆಗೆಟಿವ್ ತೆಗೆಯಿರಿ, ಪ್ರತಿ ವೈರಿನ ಫೋಟೋ ತೆಗೆಯಿರಿ, ಎಲ್ಲಿಯೂ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ಬಿಚ್ಚಿದ ಮೇಲೆ ಮೊದಲ ಕೆಲಸ ತೊಳೆಯುವುದು. ವರ್ಷಗಟ್ಟಲೆ ಡ್ಯಾಶ್‌ಬೋರ್ಡ್ ಪಾಲಿಶ್ ಹೊಡೆದ ಕಾರುಗಳಲ್ಲಿ ಸಿಲಿಕೋನ್ ಕೂತಿರುತ್ತದೆ. ಅದು ಉಳಿದರೆ ಹೊಸ ಕೋಟ್ ಒಂದೊಂದು ಕಡೆ ನಿಲ್ಲದೆ ಗುಳಿ ಬೀಳುತ್ತದೆ. ಪೇಂಟ್ ಅಂಗಡಿಯಲ್ಲಿ ಸಿಗುವ ವ್ಯಾಕ್ಸ್ ರಿಮೂವರ್ ಹಾಕಿ, ಬಟ್ಟೆ ಬದಲಿಸುತ್ತಾ ಒರೆಸಿದೆ.

ವಾರ್ನಿಶ್ ತೆಗೆಯುವುದೇ ಇಡೀ ಕೆಲಸ. ಉಳಿದದ್ದೆಲ್ಲ ಅದರ ಮುಂದೆ ಸಣ್ಣದು. ಫರ್ನಿಚರ್‌ಗೆ ಹಚ್ಚುವ ಪೇಂಟ್ ರಿಮೂವರ್ ಇದರ ಮೇಲೆ ನಿಧಾನವಾಗಿ, ಬೇಸರ ಬರುವಷ್ಟು ನಿಧಾನವಾಗಿ ಕೆಲಸ ಮಾಡುತ್ತದೆ. ಎಮರಿ ಪೇಪರ್ ಹಿಡಿದು ಉಜ್ಜಿದರೆ ವಾರ್ನಿಶ್ ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು ಗೊತ್ತಾಗುವುದೇ ಇಲ್ಲ. ನನಗೆ ಒಗ್ಗಿದ್ದು ಬಿಸಿ ಗಾಳಿ ಊದುವ ಹೀಟ್ ಗನ್, ಅದೂ ಕಡಿಮೆ ಬಿಸಿಯಲ್ಲಿ. ಗನ್ ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಬೇಕು. ಬಿಸಿ ಜಾಸ್ತಿಯಾದರೆ ವೆನೀರ್ ಕೆಳಗಿನ ಅಂಟೂ ಸಡಿಲವಾಗುತ್ತದೆ. ಒಂದು ಬಿರುಕಿನ ಬಾಯಿಗೆ ಬಿಸಿ ತಾಗಿಸಿ, ಮೂಲೆ ಮೊಂಡು ಮಾಡಿದ, ಪುಟ್ಟಿ ಬಳಿಯುವ ಕತ್ತಿಯನ್ನು ಪಟ್ಟೆಯ ದಿಕ್ಕಿನಲ್ಲೇ ಮಲಗಿಸಿ ತಳ್ಳಿದರೆ ಟಿಕ್ ಅಂತ ಒಂದು ಚಕ್ಕೆ ಏಳುತ್ತದೆ. ಬೆಲ್ಲದ ಪಾಕ ಗಟ್ಟಿಯಾಗಿ ಒಡೆದ ಹಾಗೆ, ಹಳದಿ, ಪಾರದರ್ಶಕ. ಬೆಳಕಿಗೆ ಹಿಡಿದರೆ ಅದರ ಕೆಳಮೈಯಲ್ಲಿ ಮರದ ರಂಧ್ರಗಳ ಗುರುತು ಕಾಣುತ್ತದೆ. ಆ ಗುರುತು ಸ್ವಚ್ಛವಾಗಿದ್ದರೆ ಸರಿ. ಚಕ್ಕೆಗೆ ಮರದ ನಾರು ಅಂಟಿಕೊಂಡು ಬಂದರೆ ನಿಲ್ಲಿಸಿ, ಕತ್ತಿಯ ಕೋನ ಬದಲಿಸಿ.

ಉಳಿದ ತೆಳು ಪದರಕ್ಕೆ ರೇಜರ್ ಬ್ಲೇಡನ್ನು ನೆಟ್ಟಗೆ ಹಿಡಿದು ಹೆರೆಯುವುದು. ಆಮೇಲಷ್ಟೇ 240 ನಂಬರಿನ, ಅದರ ಮೇಲೆ 320 ನಂಬರಿನ (ನಂಬರ್ ಹೆಚ್ಚಾದಷ್ಟೂ ನಯ) ಎಮರಿ ಪೇಪರ್, ಮರದ ತುಂಡಿಗೆ ಸುತ್ತಿ, ಕೈಯಲ್ಲಿ. ಮೆಷಿನ್ ಬೇಡವೇ ಬೇಡ. ಅರ್ಧ ಮಿಲಿಮೀಟರ್ ಅಂದರೆ ಎಷ್ಟು ಅಂತ ಮೆಷಿನ್ನಿಗೆ ಗೊತ್ತಿರಲ್ಲ. ಪಟ್ಟೆ ಮಸುಕಾಗಿ ಕೆಳಗೆ ಅಡ್ಡ ನಾರು ಇಣುಕಿತೋ, ಮುಗಿಯಿತು, ಅಲ್ಲಿಗೆ ಹೊಸ ವೆನೀರೇ ಗತಿ.

ಅಂಚಿನಲ್ಲಿ ಎದ್ದಿದ್ದ ವೆನೀರಿಗೆ ಇನ್ಸುಲಿನ್ ಸಿರಿಂಜಿನಲ್ಲಿ ನೀರು ಬೆರೆಸಿದ ಫೆವಿಕಾಲ್ ಬಿಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರದ ತುಂಡು ಇಟ್ಟು ರಾತ್ರಿಯಿಡೀ ಕ್ಲ್ಯಾಂಪ್ ಹಾಕಿದೆ. ಹೊರಗೆ ಉಕ್ಕಿದ ಅಂಟನ್ನು ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಇಲ್ಲದಿದ್ದರೆ ಅಲ್ಲಿ ಬಣ್ಣ ಹಿಡಿಯಲ್ಲ. ಸಣ್ಣ ಸೀಳಿಗೆ ಎಲ್ಲರೂ ಫೆವಿಕ್ವಿಕ್ ಅನ್ನುತ್ತಾರೆ. ಒಳ್ಳೇದೇ, ನೀರಿನಂತೆ ಒಳಗೆ ಇಳಿಯುತ್ತದೆ. ಆದರೆ ಅದು ಹೀರಿಕೊಂಡ ಮರ ಸ್ಟೇನ್ (ಮರಕ್ಕೆ ಹಚ್ಚುವ ಬಣ್ಣ) ಕುಡಿಯಲ್ಲ, ಬಿಳಿ ಮಚ್ಚೆ ಉಳಿಯುತ್ತದೆ. ಮೊದಲು ಬಣ್ಣ, ಆಮೇಲೆ ಸೀಳಿಗೆ ಅಂಟು.

ಬಣ್ಣದ ವಿಷಯಕ್ಕೆ ಬಂದರೆ, ಹೆರೆದ ಝೆಬ್ರಾನೋ ನೋಡಿದವರಿಗೆ ಗಾಬರಿಯಾಗುತ್ತದೆ, ಅಷ್ಟು ಪೇಲವ. ಥಿನ್ನರ್‌ನಲ್ಲಿ ಬಟ್ಟೆ ಅದ್ದಿ ಒಮ್ಮೆ ಒರೆಸಿದರೆ, ಕ್ಲಿಯರ್ (ಬಣ್ಣವಿಲ್ಲದ ಮೇಲಿನ ಕೋಟ್) ಹೊಡೆದ ಮೇಲೆ ಹೇಗೆ ಕಾಣುತ್ತದೆ ಅಂತ ಅಂದಾಜು ಸಿಗುತ್ತದೆ. ಮೂಲ ಬಣ್ಣ ಯಾವುದು ಅನ್ನೋದಕ್ಕೆ ಕಾರಲ್ಲೇ ಸಾಕ್ಷಿ ಇತ್ತು. ಪವರ್ ವಿಂಡೋ ಸ್ವಿಚ್ಚಿನ ಅಂಚು ಮುಚ್ಚಿದ್ದ ಕಡೆ, ಬಿಸಿಲು ಬೀಳದ ಎರಡು ಮಿಲಿಮೀಟರ್ ಪಟ್ಟಿ, ಗಾಢ ಕಂದು. ಹೆರೆಯುವ ಮೊದಲೇ ಅದರ ಫೋಟೋ ತೆಗೆದು, ವಾಲ್‌ನಟ್ ಸ್ಟೇನನ್ನು ತುಂಬಾ ತೆಳು ಮಾಡಿ ಎರಡೆರಡು ಸಲ ಒರೆಸಿ ಅದಕ್ಕೆ ಹತ್ತಿರ ತಂದೆ. ಎಲ್ಲ ತುಂಡುಗಳನ್ನೂ ಒಟ್ಟಿಗೆ ಮಾಡಿ. ಈ ಸಲ ಗೇರ್ ಫಲಕ, ಮುಂದಿನ ಸಲ ಬಾಗಿಲು ಅಂದರೆ ಬಣ್ಣ ಯಾವತ್ತೂ ಕೂಡಲ್ಲ.

ಮೇಲಿನ ಕೋಟಿಗೆ ಪಾಲಿಶ್ ಕೆಲಸದವರನ್ನು ಕೇಳಿದರೆ ಮೆಲಮೈನ್ ಅನ್ನುತ್ತಾರೆ. ಮನೆಯ ಬಾಗಿಲಿಗೆ ಸರಿ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನೊಳಗೆ ಅದನ್ನು ನಾನು ನಂಬಲ್ಲ, ಗಡುಸು ಜಾಸ್ತಿ. ನಾನು ಹೊಡೆದದ್ದು ಕಾರಿನ ಬಾಡಿಗೆ ಬಳಸುವ 2ಕೆ ಕ್ಲಿಯರ್, ಅಂದರೆ ಗಟ್ಟಿಯಾಗಲು ಹಾರ್ಡ್‌ನರ್ ಬೆರೆಸಿ ಹೊಡೆಯುವಂಥದ್ದು. ಅದರಲ್ಲಿ ಬಿಸಿಲು ತಡೆಯುವ ಅಂಶ ಸೇರಿರುತ್ತದೆ. ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಕರ್ಚೀಫ್ ಕಟ್ಟಿಕೊಂಡು ಹೊಡೆಯುವವರನ್ನು ದಿನಾ ನೋಡುತ್ತೇವೆ, ಅಲ್ವಾ? ದಯವಿಟ್ಟು ಹಾಗೆ ಮಾಡಬೇಡಿ. ಕಾರ್ಟ್ರಿಜ್ ಇರುವ ಮಾಸ್ಕ್, ಗ್ಲೌಸ್, ಕನ್ನಡಕ, ಗಾಳಿ ಆಡುವ ಜಾಗ. ಮಳೆಗಾಲವೂ ಬೇಡ, ತೇವ ಇದ್ದರೆ ಕೋಟಿನಲ್ಲಿ ಗುಳ್ಳೆ ಬರುತ್ತದೆ. ನಾನು ಹಿಡಿದದ್ದು ಫೆಬ್ರವರಿಯ ಬೆಳಗಿನ ಹೊತ್ತು, ಧೂಳು ಏಳದ ಹಾಗೆ ನೆಲಕ್ಕೆ ನೀರು ಚಿಮುಕಿಸಿ.

ಮೊದಲ ಕೋಟ್ ಬೆನ್ನಿಗೆ ಮತ್ತು ತೂತುಗಳ ಒಳಮೈಗೆ. ಆದರೆ ಅಲ್ಲಿ ಒಂದೇ ಒಂದು ತೆಳು ಕೋಟ್. ಜಾಸ್ತಿಯಾದರೆ ತೂತು ಕಿರಿದಾಗಿ ಸ್ವಿಚ್ ಕೂರುವುದಿಲ್ಲ, ಬಲವಂತವಾಗಿ ಒತ್ತಿದರೆ ಹೊಸ ಅಂಚೇ ಸೀಳುತ್ತದೆ. ನಾನು ಹಳೇ ಸ್ವಿಚ್ ಒಂದನ್ನು ಪಕ್ಕದಲ್ಲೇ ಇಟ್ಟುಕೊಂಡು ಪ್ರತಿ ಕೋಟ್ ಒಣಗಿದ ಮೇಲೆ ಹಾಕಿ ನೋಡುತ್ತಿದ್ದೆ. ಮುಂಭಾಗಕ್ಕೆ ತೆಳು ತೆಳು ಕೋಟುಗಳು, ನಡುವೆ 600 ವಾಟರ್ ಪೇಪರ್ ಉಜ್ಜಿ ಮಟ್ಟ ಮಾಡುವುದು. ರಂಧ್ರಗಳ ಗುಳಿ ಕಾಣದಂತಾಗುವವರೆಗೆ ಇದೇ. ಆಮೇಲೆ ಸುಮ್ನೆ ಎತ್ತಿಡಬೇಕು. ಬೆರಳಿಗೆ ಒಣಗಿದ್ದರೂ ಒಳಗೆ ಇನ್ನೂ ಕುಗ್ಗುತ್ತಿರುತ್ತದೆ. ಕೆಲವು ವಾರ ಬಿಟ್ಟು 1000, 1500, 2000 ವಾಟರ್ ಪೇಪರ್, ಕೊನೆಗೆ ರಬ್ಬಿಂಗ್ ಕಾಂಪೌಂಡ್. ನಾನು ಕನ್ನಡಿ ಹೊಳಪಿಗೆ ಹೋಗಲಿಲ್ಲ. ಇಪ್ಪತ್ತು ಮೂವತ್ತು ವರ್ಷದ ಸೀಟಿನ ಪಕ್ಕದಲ್ಲಿ ಫಳಫಳ ಅನ್ನುವ ಮರ ಅಂಗಡಿಯ ಸನ್‌ಮೈಕಾ ತರ ಕಾಣುತ್ತದೆ.

ವಾಪಸ್ ಜೋಡಿಸುವಾಗ ಕೈ ಕೊಡುವುದು ಮರ ಅಲ್ಲ, ಪ್ಲಾಸ್ಟಿಕ್ ಕ್ಲಿಪ್ಪುಗಳು. ಹಳೆಯದಾಗಿ ಬಿಸ್ಕತ್ತಾಗಿರುತ್ತವೆ. ಬಾಗಿಲ ಪಟ್ಟಿ ಬಿಚ್ಚುವ ಮೊದಲೇ ಬೆಂಗಳೂರಿನ ಕಾರು ಬಿಡಿಭಾಗಗಳ ಅಂಗಡಿ ಸಾಲಾದ ಜೆ.ಸಿ. ರೋಡಲ್ಲಿ ಒಮ್ಮೆ ವಿಚಾರಿಸಿ, ಅಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ಹೇಳಿ ತರಿಸಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಹೇಳಿದರೆ ಬರುವುದು ತಡವಾಗುತ್ತದೆ, ಅಲ್ಲಿವರೆಗೆ ಕಾರು ಅರ್ಧ ಬಿಚ್ಚಿ ನಿಂತಿರುತ್ತದೆ.