ಹಿತ್ತಲಿಗೆ ಮರಳಿದ ರಟ್ಗರ್ಸ್ ಟೊಮೆಟೊ

ಅಂಗಡಿಯ ಟೊಮೆಟೊ ನೋಡಲು ಕೆಂಪಗಿರುತ್ತದೆ. ಸಾರಿಗೆ ಹಾಕಿದರೆ ಹುಳಿಯೂ ಇಲ್ಲ, ಸಿಹಿಯೂ ಇಲ್ಲ, ಅಲ್ವಾ? ನ್ಯೂಜೆರ್ಸಿಯಲ್ಲಿರುವ ನಮ್ಮವರು ಈ ಬೇಸಿಗೆಯಲ್ಲಿ ರಟ್ಗರ್ಸ್ ಬೆಳೆದು ನೋಡಿ. ಎರಡೂ ರುಚಿ ಹದವಾಗಿ ಸೇರಿದ ಹಣ್ಣು ಅದು.

ಇದು ಇಲ್ಲಿಯದೇ ತಳಿ. ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಜೆಟಿಡಿ ಮತ್ತು ಮಾರ್‌ಗ್ಲೋಬ್ ಎಂಬ ತಳಿಗಳನ್ನು ಕೂಡಿಸಿ ಹುಟ್ಟಿದ್ದು. ರಟ್ಗರ್ಸ್ ವಿಶ್ವವಿದ್ಯಾಲಯದ ಲೈಮನ್ ಶೆರ್ಮರ್‌ಹಾರ್ನ್ ಇದನ್ನು ವರ್ಷಗಟ್ಟಲೆ ಆಯ್ದು ತಿದ್ದಿ 1934ರಲ್ಲಿ ರೈತರಿಗೆ ಕೊಟ್ಟರು. ಮುಂದೆ ಯಂತ್ರದಲ್ಲಿ ಕೊಯ್ಯುವ ಕಾಲ ಬಂತು. ಗಟ್ಟಿ ಸಿಪ್ಪೆಯ ಹಣ್ಣಿಗೆ ಬೇಡಿಕೆ ಹೆಚ್ಚಿ ಇದು ಮೂಲೆಗೆ ಬಿತ್ತು. ಪುಣ್ಯಕ್ಕೆ ಮೂಲ ತಳಿಗಳ ಬೀಜ ಕ್ಯಾಂಪ್‌ಬೆಲ್ ಬಳಿ ಉಳಿದಿತ್ತು. ಅದರಿಂದಲೇ 2016ರಲ್ಲಿ, ವಿಶ್ವವಿದ್ಯಾಲಯಕ್ಕೆ 250 ತುಂಬಿದಾಗ, ‘ರಟ್ಗರ್ಸ್ 250’ ಬಂತು.

ಮಾರ್ಚ್ ಕೊನೆಗೆ ಮನೆಯೊಳಗೆ ಸಣ್ಣ ಕುಂಡಗಳಲ್ಲಿ ಬೀಜ ಹಾಕಿ. ಕಾಲು ಅಂಗುಲ ಆಳ ಸಾಕು. ಮೊಳಕೆ ಬಂದ ಮೇಲೆ ಬೆಳಕು ಜಾಸ್ತಿ ಬೇಕು, ಇಲ್ಲದಿದ್ದರೆ ಸಸಿ ಸೊರಗಿ ಉದ್ದವಾಗುತ್ತದೆ.

ನೆಡಲು ಆತುರ ಬೇಡ. ಮೊದಲ ವರ್ಷ ಏಪ್ರಿಲ್‌ನಲ್ಲೇ ನೆಟ್ಟೆ. ಒಂದೇ ರಾತ್ರಿಯ ಹಿಮಕ್ಕೆ ಸಸಿಗಳೆಲ್ಲ ಕಪ್ಪಾದವು. ಈಗ ಮೇ ನಡುವಿನವರೆಗೆ ಕಾಯುತ್ತೇನೆ. ಅದಕ್ಕೂ ಮುಂಚೆ ಒಂದು ವಾರ ಸಸಿಗಳನ್ನು ಹಗಲು ಹೊರಗಿಟ್ಟು ಸಂಜೆ ಒಳಗೆ ತನ್ನಿ. ಹೊರಗಿನ ಗಾಳಿ ಬಿಸಿಲಿಗೆ ಒಗ್ಗುತ್ತವೆ.

ದಿನಕ್ಕೆ ಆರರಿಂದ ಎಂಟು ಗಂಟೆ ಬಿಸಿಲು ಬೀಳುವ ಜಾಗ ಆರಿಸಿ. ಮಣ್ಣಿಗೆ ಕಾಂಪೋಸ್ಟ್ ಬೆರೆಸಿ. ಕೆಳಗಿನ ಎಲೆ ಚಿವುಟಿ, ಕಾಂಡದ ಮುಕ್ಕಾಲು ಭಾಗ ಹೂತು ನೆಡಿ. ಹೂತ ಕಾಂಡದಿಂದಲೂ ಬೇರು ಬರುತ್ತದೆ. ಗಿಡದಿಂದ ಗಿಡಕ್ಕೆ ಎರಡರಿಂದ ಮೂರು ಅಡಿ ಇರಲಿ. ಆಸರೆ ಕೋಲನ್ನು ಅವತ್ತೇ ನೆಟ್ಟುಬಿಡಿ. ಆಮೇಲೆ ಚುಚ್ಚಿದರೆ ಬೇರಿಗೆ ಪೆಟ್ಟು.

ಎಲ್ಲಕ್ಕಿಂತ ಮುಖ್ಯ ನೀರು. ನಾಲ್ಕು ದಿನ ಒಣಗಿಸಿ ಐದನೇ ದಿನ ಸುರಿದರೆ ಹಣ್ಣು ಬಿರಿಯುತ್ತದೆ, ಕಾಯಿಯ ತಳ ಕಪ್ಪಾಗುತ್ತದೆ. ಅದು ರೋಗವಲ್ಲ. ಕಾಯಿಗೆ ಸುಣ್ಣದ ಅಂಶ ತಲುಪುವುದಿಲ್ಲ, ಅಷ್ಟೇ. ಸುಮ್ನೆ ಔಷಧಿ ಹೊಡೆಯಬೇಡಿ. ಬುಡಕ್ಕೆ ಒಣಹುಲ್ಲು ಹೊದಿಸಿ, ತೇವ ಆರದಂತೆ ನೋಡಿಕೊಳ್ಳಿ. ನೀರು ಬುಡಕ್ಕೇ ಬೀಳಲಿ, ಎಲೆ ನೆನೆದರೆ ಚುಕ್ಕೆ ರೋಗ ಬರುತ್ತದೆ.

ನೆಟ್ಟು ಸುಮಾರು 75 ದಿನಕ್ಕೆ ಹಣ್ಣು. ಗಿಡದಲ್ಲೇ ಪೂರ್ತಿ ಕೆಂಪಾಗಲು ಬಿಡಿ. ಫ್ರಿಜ್ಜಿನಲ್ಲಿಟ್ಟರೆ ರುಚಿ ಹೋಗುತ್ತದೆ. ಅಕ್ಟೋಬರ್‌ನಲ್ಲಿ ಹಿಮ ಬೀಳುವ ಮುನ್ನ ಉಳಿದ ಕಾಯಿಗಳನ್ನೂ ಕಿತ್ತುಕೊಳ್ಳಿ. ಎಳ್ಳು ಹುರಿದು ಹಾಕಿ ಚಟ್ನಿ ಮಾಡಬಹುದು.